ಬಿಸಿಲಿಗೆ ಸುಟ್ಟ ಚರ್ಮ: ಮೊದಲ ಗಂಟೆಯಿಂದ ನಾಲ್ಕನೇ ವಾರದವರೆಗೆ ಏನು ಮಾಡಬೇಕು, ಯಾವ ಕ್ರಮದಲ್ಲಿ

ಭಾನುವಾರ ಸಂಜೆ ಆರಾದರೆ ಸಾಕು, ಗೋಕರ್ಣದ ಹತ್ತಿರದ ನಮ್ಮ ಔಷಧಿ ಅಂಗಡಿಗೆ ರಾತ್ರಿ ಬಸ್ಸು ಹಿಡಿಯುವವರು ಒಬ್ಬರ ಹಿಂದೊಬ್ಬರು ಬರುತ್ತಾರೆ. ಕುಡ್ಲೆ, ಓಂ ಬೀಚಿನಲ್ಲಿ ಎರಡು ದಿನ ಕಳೆದವರು. ಬ್ಯಾಗು ಹೆಗಲಿಗೆ ಹಾಕಿಕೊಳ್ಳಲಾಗದೆ ಕೈಯಲ್ಲಿ ಹಿಡಿದಿರುತ್ತಾರೆ. ಕೇಳುವುದು ಮಾತ್ರ ಒಂದೇ: "ಟ್ಯಾನ್ ಹೋಗೋಕೆ ಏನಾದ್ರೂ ಕೊಡಿ ಸರ್."

ಎಡವುವುದು ಇಲ್ಲೇ. ಚರ್ಮ ಒಳಗೆ ಇನ್ನೂ ಉರಿಯುತ್ತಿರುವಾಗಲೇ ಕಪ್ಪು ತೆಗೆಯಲು ಹೊರಟಿರುತ್ತಾರೆ. ನಾಲ್ಕನೇ ವಾರ ಮಾಡಬೇಕಾದ ಕೆಲಸವನ್ನು ಮೊದಲ ರಾತ್ರಿಯೇ ಮಾಡಿ, ತಾನಾಗಿ ಮಾಸಬೇಕಾದದ್ದನ್ನು ತಿಂಗಳುಗಟ್ಟಲೆ ಉಳಿಯುವ ಕಲೆ ಮಾಡಿಕೊಳ್ಳುತ್ತಾರೆ. ಪ್ರತಿ ಬೇಸಿಗೆಯಲ್ಲೂ ಕೌಂಟರಿನ ಆಚೆ ನಿಂತವರಿಗೆ ಎರಡೇ ನಿಮಿಷದಲ್ಲಿ ಹೇಳಿ ಮುಗಿಸುತ್ತಿದ್ದದ್ದನ್ನು ಈ ಸಲ ಬಿಡಿಸಿ ಬರೆದಿದ್ದೇನೆ. ತೇರಿನ ದಿನ ಮಧ್ಯಾಹ್ನ ರಥಬೀದಿಯಲ್ಲಿ ನಿಂತವರಿಗೂ, ಕ್ರಿಕೆಟ್ ಆಡಿ ಬಂದ ಮಕ್ಕಳಿಗೂ, ಅರ್ಧ ತೋಳಿನ ಅಂಗಿಯಲ್ಲಿ ದಿನವಿಡೀ ಬೈಕ್ ಓಡಿಸಿದವರಿಗೂ ಇದೇ ಕ್ರಮ.

ಒಂದು ಲೆಕ್ಕ ತಲೆಯಲ್ಲಿರಲಿ. ಬಿಸಿಲಿಗೆ ಸುಟ್ಟದ್ದು ಕೂಡಲೇ ಗೊತ್ತಾಗುವುದಿಲ್ಲ. ಉರಿ ಶುರುವಾಗುವುದು ಸಾಮಾನ್ಯವಾಗಿ 3ರಿಂದ 6 ಗಂಟೆಗಳ ನಂತರ; ಏರುತ್ತಾ ಹೋಗಿ ತುದಿ ಮುಟ್ಟುವುದು 12ರಿಂದ 24 ಗಂಟೆಯೊಳಗೆ. ಸಂಜೆ "ಸ್ವಲ್ಪ ಉರಿ ಅಷ್ಟೇ" ಅನ್ನಿಸಿದ್ದು ನಡುರಾತ್ರಿ ಬಸ್ಸಿನ ಸೀಟಿಗೆ ಬೆನ್ನು ತಾಗಿಸಲಾಗದಷ್ಟು ಆಗುತ್ತದೆ. ಆದ್ದರಿಂದ ಆರೈಕೆ ಶುರುವಾಗಬೇಕಾದದ್ದು ಉರಿ ಜಾಸ್ತಿಯಾದ ಮೇಲಲ್ಲ, ಬಿಸಿಲಿನಿಂದ ಒಳಗೆ ಬಂದ ಕೂಡಲೇ.

## ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದದ್ದು

ಒಂದು ಬಕೆಟ್ ತಣ್ಣನೆಯ ನೀರು, ಮಗ್, ಹಳೆಯ ಹತ್ತಿ ಪಂಚೆ ಅಥವಾ ಸೀರೆಯ ಎರಡು ತುಂಡು, ವಾಸನೆಯಿಲ್ಲದ ಮಾಯಿಶ್ಚರೈಸರ್, ಓಆರ್‌ಎಸ್ ಪುಡಿ, ಪ್ಯಾರಾಸಿಟಮಾಲ್, ಥರ್ಮಾಮೀಟರ್, ಸಡಿಲವಾದ ಹತ್ತಿ ಅಂಗಿ. ಗುಳ್ಳೆ ಎದ್ದರೆ ಪೆಟ್ರೋಲಿಯಂ ಜೆಲ್ಲಿ ಮತ್ತು ಗಾಯಕ್ಕೆ ಅಂಟಿಕೊಳ್ಳದ ಡ್ರೆಸ್ಸಿಂಗ್. ಇಷ್ಟೇ. ನಮ್ಮ ಅಂಗಡಿಯ ಗಾಜಿನ ಕಪಾಟಿನಲ್ಲಿ ಸಾಲಾಗಿ ನಿಂತಿರುವ 'ಡಿ-ಟ್ಯಾನ್' ಡಬ್ಬಿಗಳು ಈ ಪಟ್ಟಿಯಲ್ಲಿಲ್ಲ. ಮಾರುವವನೇ ಹೇಳುತ್ತಿದ್ದೇನೆ, ಇವತ್ತು ಅವು ಬೇಡ.

## ಹಂತ 1: ಇದು ಚರ್ಮದ್ದಷ್ಟೇ ಸಮಸ್ಯೆಯೇ, ಮೈಯದ್ದೇ? ಮೊದಲು ನೋಡಿ

ನೆರಳಿಗೆ ಬಂದು ಕೂತು ಮೊದಲು ಮನುಷ್ಯನನ್ನು ನೋಡಿ, ಆಮೇಲೆ ಚರ್ಮವನ್ನು. ಮಾತು ತೊದಲುತ್ತಿದೆಯೇ? ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಬರುತ್ತಿದೆಯೇ? ಮೈ ಕಾದು ಹೋಗಿ ಜ್ವರ 40 ಡಿಗ್ರಿ ಸೆಲ್ಸಿಯಸ್, ಅಂದರೆ 104 ಫ್ಯಾರನ್‌ಹೀಟ್ ಹತ್ತಿರ ಇದೆಯೇ? ಫಿಟ್ಸ್, ಪ್ರಜ್ಞೆ ತಪ್ಪುವುದು, ನಿಲ್ಲದ ವಾಂತಿ? ಇವುಗಳಲ್ಲಿ ಒಂದಿದ್ದರೂ ಅದು ಬಿಸಿಲಾಘಾತ ಇರಬಹುದು. ತಕ್ಷಣ 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರುವವರೆಗೆ ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಸುರಿಯುತ್ತಾ ಗಾಳಿ ಬೀಸುತ್ತಿರಿ. ಮಂಪರಿನಲ್ಲಿ ಇರುವವರ ಬಾಯಿಗೆ ನೀರು ಹಾಕಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ. ಈ ಜ್ವರಕ್ಕೆ ಪ್ಯಾರಾಸಿಟಮಾಲ್ ಕೆಲಸ ಮಾಡುವುದಿಲ್ಲ. ಅದಕ್ಕಾಗಿ ಕಾಯುತ್ತಾ ಕೂರಬೇಡಿ.

ಅದೇನೂ ಇಲ್ಲದಿದ್ದರೆ ಚರ್ಮ ನೋಡಿ. ಪುಸ್ತಕಗಳಲ್ಲಿ 'ಕೆಂಪಾಗುತ್ತದೆ' ಎಂದು ಬರೆದಿರುತ್ತದೆ. ನಮ್ಮ ಕಂದು ಮೈಬಣ್ಣದಲ್ಲಿ ಆ ಕೆಂಪು ಎಷ್ಟೋ ಸಲ ಕಾಣುವುದೇ ಇಲ್ಲ. "ನಮಗೆಲ್ಲ ಸನ್‌ಬರ್ನ್ ಆಗಲ್ಲ ಬಿಡಿ, ಅದು ಬಿಳಿ ಜನಕ್ಕೆ" ಎನ್ನುವ ಮಾತು ಹುಟ್ಟಿದ್ದೇ ಹೀಗೆ. ಕಣ್ಣಿಗಿಂತ ಕೈಯನ್ನು ನಂಬಿ. ಅಂಗೈಯ ಹಿಂಭಾಗವನ್ನು ಹೆಗಲಿಗೆ ಇಟ್ಟು ನೋಡಿ, ಆಮೇಲೆ ಬಟ್ಟೆಯೊಳಗಿದ್ದ ಹೊಟ್ಟೆಗೆ ಇಟ್ಟು ನೋಡಿ. ಹೆಗಲು ಬಿಸಿಯಾಗಿದ್ದು, ಬಿಗಿದಂತಾಗಿದ್ದು, ಮುಟ್ಟಿದರೆ ನೋಯುತ್ತಿದ್ದರೆ ಸುಟ್ಟಿದೆ ಎಂದೇ ಅರ್ಥ. ಬಣ್ಣ ಎಂದಿಗಿಂತ ಗಾಢವಾಗಿ, ಸ್ವಲ್ಪ ನೇರಳೆ ಛಾಯೆಯಲ್ಲಿ ಕಾಣಬಹುದು.

ಉರಿಗಿಂತ ತುರಿಕೆಯೇ ಹೆಚ್ಚಾಗಿ, ಸಾಸಿವೆ ಗಾತ್ರದ ಗುಳ್ಳೆಗಳು ಬಟ್ಟೆಯ ಒಳಗಡೆ, ಬೆವರು ನಿಲ್ಲುವ ಕಡೆ ಎದ್ದಿದ್ದರೆ ಅದು ಬೆವರುಸಾಲೆ. ಅದರ ದಾರಿ ಬೇರೆ.

## ಹಂತ 2: ತಂಪು ಮಾಡಿ, ಆದರೆ ಮಂಜುಗಡ್ಡೆ ಬೇಡ

ಇಡೀ ಆರೈಕೆಯ ಅರ್ಧ ಇಲ್ಲೇ ಇದೆ. ಅವಸರ ಮಾಡುವುದೂ ಇಲ್ಲೇ.

ಮೊದಲು ನೀರು ಪರೀಕ್ಷಿಸಿ. ಏಪ್ರಿಲ್ ಮಧ್ಯಾಹ್ನ ಹೋಮ್‌ಸ್ಟೇಯ ತಾರಸಿ ಮೇಲಿನ ಕಪ್ಪು ಟ್ಯಾಂಕಿನಿಂದ ಬರುವ 'ತಣ್ಣೀರು' ಸ್ನಾನದ ಬಿಸಿನೀರಿನಷ್ಟೇ ಕಾದಿರುತ್ತದೆ. ಷವರ್ ತಿರುಗಿಸಿ ಅದರಡಿ ನಿಂತು, "ತಣ್ಣೀರಲ್ಲೇ ಸ್ನಾನ ಮಾಡಿದೆ, ಉರಿ ಜಾಸ್ತಿನೇ ಆಯ್ತು" ಎಂದು ಬರುವವರು ಎಷ್ಟೋ ಜನ. ಬಾವಿ ಇದ್ದರೆ ಬಾವಿ ನೀರು ಸೇದಿಕೊಳ್ಳಿ. ಇಲ್ಲವಾದರೆ ನೆಲದ ಸಂಪಿನ ನೀರು. ಅದೂ ಇಲ್ಲದಿದ್ದರೆ ಬಕೆಟ್ ತುಂಬಿಸಿ ಫ್ಯಾನಿನ ಕೆಳಗೆ ಇಟ್ಟು, ಫ್ರಿಜ್ಜಿನ ಒಂದೆರಡು ಬಾಟಲಿ ನೀರು ಬೆರೆಸಿ. ಮುಂಗೈ ಅದ್ದಿದರೆ ಹಿತವಾಗಿ ತಂಪೆನಿಸಬೇಕು, ಜುಮ್ಮೆನ್ನಬಾರದು.

ಮೈಮೇಲಿನ ಉಪ್ಪು, ಮರಳನ್ನು ಮಗ್‌ನಿಂದ ಸುರಿದು ತೊಳೆಯಿರಿ. ಕೈಯಿಂದ ಉಜ್ಜಬೇಡಿ. ಒಂದೊಂದು ಮರಳಿನ ಕಣವೂ ಸುಟ್ಟ ಚರ್ಮದ ಮೇಲೆ ಉಪ್ಪುಕಾಗದದಂತೆ ಗೀರುತ್ತದೆ. ಸುಟ್ಟ ಜಾಗಕ್ಕೆ ಸೋಪು ಬೇಡ. ಕಂಕುಳು, ಪಾದಕ್ಕೆ ಹಾಕಿಕೊಳ್ಳಿ. 10ರಿಂದ 15 ನಿಮಿಷ ನೀರು ಹಾಕಿಕೊಂಡರೆ ಸಾಕು.

ಆಮೇಲೆ ಒದ್ದೆ ಬಟ್ಟೆ. ಪಂಚೆಯ ತುಂಡನ್ನು ಅದ್ದಿ, ನೀರು ತೊಟ್ಟಿಕ್ಕದಷ್ಟು ಹಿಂಡಿ, ಹೆಗಲ ಮೇಲೆ ಹರವಿ. ಐದಾರು ನಿಮಿಷದಲ್ಲಿ ಆ ಬಟ್ಟೆಯೇ ಬೆಚ್ಚಗಾಗುತ್ತದೆ, ಮೈ ಎಷ್ಟು ಕಾದಿದೆ ಎಂಬುದು ಆಗ ಗೊತ್ತಾಗುತ್ತದೆ. ಬೆಚ್ಚಗಾದ ಬಟ್ಟೆಯನ್ನು ಹಾಗೇ ಬಿಡಬೇಡಿ. ತೆಗೆದು ಮತ್ತೆ ಅದ್ದಿ. ಎರಡು ತುಂಡು ಬೇಕೆಂದದ್ದು ಇದಕ್ಕೇ, ಒಂದು ಮೈಮೇಲೆ, ಒಂದು ನೀರಿನಲ್ಲಿ. ಸುಮಾರು 15 ನಿಮಿಷ ಹೀಗೆ ಮಾಡಿ ನಿಲ್ಲಿಸಿ. ಮಲಗುವ ತನಕ ಎರಡು ಗಂಟೆಗೊಮ್ಮೆ ಪುನಃ ಮಾಡಿ.

ಮಂಜುಗಡ್ಡೆ ಬೇಡವೆಂದರೆ ಯಾರೂ ಒಪ್ಪುವುದಿಲ್ಲ, ಏಕೆಂದರೆ ಇಟ್ಟ ಕ್ಷಣ ಹಾಯೆನಿಸುತ್ತದೆ. ಹಾಯೆನಿಸುವುದು ಚರ್ಮ ಮರಗಟ್ಟುವುದರಿಂದ. ಮರಗಟ್ಟಿದ ಚರ್ಮಕ್ಕೆ ಹಿಮದ ಗಾಯವಾಗುತ್ತಿದ್ದರೂ ತಿಳಿಯುವುದಿಲ್ಲ. ಸುಟ್ಟದ್ದರ ಮೇಲೆ ಮತ್ತೊಂದು ಗಾಯ. ಮೀನಿನ ಪೆಟ್ಟಿಗೆಯ ಐಸ್ ತಂದು ಇಟ್ಟುಕೊಂಡವರಿಗೆ ಸೋಂಕಿನ ಭಯ ಬೇರೆ.

ಮಕ್ಕಳಿಗೆ ತಂಪು ಮಾಡುವಾಗ ನಡುಗಲು ಶುರುವಾದರೆ ಕೂಡಲೇ ನಿಲ್ಲಿಸಿ.

## ಹಂತ 3: ಪಸೆ ಆರುವ ಮೊದಲು ಮಾಯಿಶ್ಚರೈಸರ್

ಟವೆಲಿನಿಂದ ಒರೆಸಬೇಡಿ, ಒತ್ತಿ ತೆಗೆಯಿರಿ. ಮೈ ಪೂರ್ತಿ ಒಣಗಬಾರದು. ಸ್ವಲ್ಪ ಪಸೆ ಇರುವಾಗಲೇ, ಎರಡು ಮೂರು ನಿಮಿಷದೊಳಗೆ ಮಾಯಿಶ್ಚರೈಸರ್ ಹಚ್ಚಿ. ಒಣಗಿದ ಮೇಲೆ ಹಚ್ಚಿದರೆ ಹಿಡಿದಿಡಲು ಒಳಗೆ ನೀರೇ ಇರುವುದಿಲ್ಲ. ಬೆರಳಿನಲ್ಲಿ ತಿಕ್ಕದೆ, ಅಂಗೈಯಲ್ಲಿ ಹರಡಿಕೊಂಡು ಮೆಲ್ಲಗೆ ಒತ್ತಿ. ಬಾಟಲಿ ಫ್ರಿಜ್ಜಿನಲ್ಲಿಟ್ಟಿದ್ದರೆ ಇನ್ನೂ ಹಿತ.

ಖರೀದಿಸುವಾಗ ಮುಂದಿನ ಚಿತ್ರ ಬಿಟ್ಟು ಹಿಂದಿನ ಸಣ್ಣ ಅಕ್ಷರ ಓದಿ. ಪರ್ಫ್ಯೂಮ್, ಮೆಂಥಾಲ್, ಆಲ್ಕೋಹಾಲ್ ಇದ್ದರೆ ಬೇಡ. ಬೆಂಜೋಕೇನ್ ಇರುವ ಮರಗಟ್ಟಿಸುವ ಕ್ರೀಮ್‌ಗಳು ಅಲರ್ಜಿ ತರಬಲ್ಲವು. ತುರಿಕೆಗೆ ಕ್ಯಾಲಮೈನ್ ಲೋಷನ್ ಆಗುತ್ತದೆ, ಆದರೆ ಒಣಗಿಸುತ್ತದೆ, ಅದನ್ನೊಂದೇ ನೆಚ್ಚಿಕೊಳ್ಳಬೇಡಿ.

ಲೋಳೆಸರ ಒಳ್ಳೆಯದೇ, ಹಿತ್ತಲಿನದ್ದಾದರೂ ಸರಿ. ಎಲೆಯನ್ನು ಕಡಿದ ಕೂಡಲೇ ಮೈಗೆ ತಿಕ್ಕುವುದು ತಪ್ಪು. ಸಿಪ್ಪೆಯ ಕೆಳಗಿನಿಂದ ಹಳದಿ ರಸ ಇಳಿಯುತ್ತದಲ್ಲ, ಅದೇ ಉರಿ, ತುರಿಕೆ ತರುವುದು. ಕಡಿದ ಬದಿ ಕೆಳಗಾಗಿ 15 ನಿಮಿಷ ಲೋಟದಲ್ಲಿ ನಿಲ್ಲಿಸಿ ರಸ ಇಳಿಸಿ, ತೊಳೆದು, ಸಿಪ್ಪೆ ಹೆರೆದು, ನಡುವಿನ ತಿಳಿಯಾದ ಲೋಳೆ ಮಾತ್ರ ತೆಗೆಯಿರಿ. ಮೊಣಕೈ ಒಳಬದಿಗೆ ಚೂರು ಹಚ್ಚಿ ಅರ್ಧ ಗಂಟೆ ನೋಡಿ. ಒಡೆದ ಗುಳ್ಳೆಯ ಮೇಲೆ ಹಿತ್ತಲಿನ ಲೋಳೆ ಬೇಡವೇ ಬೇಡ.

ತೆಂಗಿನೆಣ್ಣೆಯ ವಿಷಯದಲ್ಲಿ ಕರಾವಳಿಯವರ ಜೊತೆ ವಾದಕ್ಕಿಳಿಯುವುದು ಕಷ್ಟ, ನಾನೂ ಅದರಲ್ಲೇ ಬೆಳೆದವನು. ಆದರೂ ಮೊದಲ ಎರಡು ದಿನ ಬೇಡ. ಕಾದ ಚರ್ಮದ ಮೇಲೆ ಎಣ್ಣೆಯೋ ತುಪ್ಪವೋ ಬಳಿದರೆ ಒಳಗಿನ ಬಿಸಿ ಹೊರಹೋಗಲು ದಾರಿ ಇರುವುದಿಲ್ಲ. ಮುಟ್ಟಿದರೆ ಬಿಸಿ ಇಲ್ಲ ಎನ್ನುವಂತಾದ ಮೇಲೆ, ಸಿಪ್ಪೆ ಏಳುವ ಹೊತ್ತಿಗೆ ಧಾರಾಳವಾಗಿ ಹಚ್ಚಿ.

## ಹಂತ 4: ಒಳಗಿನಿಂದ ನೀರು, ನೋವಿಗೆ ಮಾತ್ರೆ

ಸುಟ್ಟ ಚರ್ಮ ನೀರನ್ನು ತನ್ನೆಡೆಗೆ ಎಳೆದುಕೊಳ್ಳುತ್ತದೆ, ಬೆವರಿನಲ್ಲಿ ಹೋದದ್ದು ಬೇರೆ. ಎಳನೀರು, ಉಪ್ಪು ಹಾಕಿದ ನೀರು ಮಜ್ಜಿಗೆ, ಗಂಜಿತಿಳಿ ಎಲ್ಲವೂ ಆಗುತ್ತದೆ. ಸುಸ್ತು, ತಲೆನೋವು ಇದ್ದರೆ ಓಆರ್‌ಎಸ್. 1 ಲೀಟರಿನ ಪ್ಯಾಕೆಟ್ಟಾದರೆ ಪೂರ್ತಿ ಪುಡಿಯನ್ನು ಪೂರ್ತಿ 1 ಲೀಟರ್ ನೀರಿಗೆ ಹಾಕಬೇಕು. ಒಂದು ಲೋಟಕ್ಕೆ ಅಂದಾಜಿನಲ್ಲಿ ಉದುರಿಸಿ ಕುಡಿಯುವುದು ತಪ್ಪು. ಪುಡಿ ಸಿಗದಿದ್ದರೆ 1 ಲೀಟರ್ ಶುದ್ಧ ನೀರಿಗೆ 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಮಚವೆಂದರೆ ಟೀ ಚಮಚ, ತಲೆ ಸಮ ಮಾಡಿದ್ದು. ಮೂತ್ರ ತಿಳಿ ಹಳದಿಗೆ ಬರುವವರೆಗೂ ಕುಡಿಯುತ್ತಿರಿ. ಆ ರಾತ್ರಿ ಬಿಯರ್ ಬೇಡ, ನೀರನ್ನು ಇನ್ನಷ್ಟು ಹೊರಹಾಕಿಸುತ್ತದೆ.

ನೋವಿಗೆ ದೊಡ್ಡವರಾದರೆ 500 ಅಥವಾ 650 ಮಿಲಿಗ್ರಾಂ ಪ್ಯಾರಾಸಿಟಮಾಲ್ ಒಂದು ಮಾತ್ರೆ, ಮುಂದಿನದಕ್ಕೆ ಕನಿಷ್ಠ 6 ಗಂಟೆ ಅಂತರ. ಲಿವರ್ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ. ಐಬುಪ್ರೊಫೇನ್ ಉರಿಯೂತಕ್ಕೆ ಒಳ್ಳೆಯದಾದರೂ ಮೈಯಲ್ಲಿ ನೀರು ಕಡಿಮೆಯಾಗಿರುವಾಗ ಮೂತ್ರಪಿಂಡಕ್ಕೆ ಹೊರೆ. ಗರ್ಭಿಣಿಯರು, ಹೊಟ್ಟೆಹುಣ್ಣು, ಕಿಡ್ನಿ ತೊಂದರೆ, ಆಸ್ತಮಾ ಇರುವವರು ಅದನ್ನು ತಾವಾಗಿಯೇ ತೆಗೆದುಕೊಳ್ಳಬಾರದು. ಡೆಂಗಿಯ ಅನುಮಾನವಿದ್ದರಂತೂ ಮುಟ್ಟಲೇಬಾರದು. ಮಕ್ಕಳಿಗೆ ಆಸ್ಪಿರಿನ್ ಎಂದಿಗೂ ಇಲ್ಲ.

ಇದೇ ಹೊತ್ತಿಗೆ ನೀವು ದಿನಾ ನುಂಗುವ ಮಾತ್ರೆಗಳನ್ನೂ ನೆನಪಿಸಿಕೊಳ್ಳಿ. ಡಾಕ್ಸಿಸೈಕ್ಲಿನ್ ನುಂಗುತ್ತಿರುವವರ ಚರ್ಮ ಸ್ವಲ್ಪ ಬಿಸಿಲಿಗೂ ಬೇಗ ಸುಡುತ್ತದೆ. ಕರಾವಳಿಯಲ್ಲಿ ಇಲಿಜ್ವರದ ಮುಂಜಾಗ್ರತೆಗೆ, ಊರೂರಲ್ಲಿ ಮೊಡವೆಗೆ ಕೊಡುವ ಮಾತ್ರೆ ಇದು. ರಕ್ತದೊತ್ತಡಕ್ಕೆ ಕೊಡುವ ಹೈಡ್ರೋಕ್ಲೋರೋಥಯಜೈಡ್, ಮೊಡವೆಯ ಐಸೋಟ್ರೆಟಿನಾಯಿನ್ ಕೂಡ ಇದೇ ಸಾಲಿನವು. ಅರ್ಧ ಗಂಟೆಯ ಬಿಸಿಲಿಗೇ ಹೀಗಾಯಿತೆಂದರೆ ಮಾತ್ರೆಯನ್ನು ಅನುಮಾನಿಸಿ. ನೀವಾಗಿಯೇ ನಿಲ್ಲಿಸಬೇಡಿ, ಕೊಟ್ಟ ವೈದ್ಯರಿಗೆ ಫೋನ್ ಮಾಡಿ.

## ಹಂತ 5: ನಿಂಬೆ, ಕಡಲೆಹಿಟ್ಟು, ಟೂತ್‌ಪೇಸ್ಟ್ ಕೈಯಿಂದ ಕೆಳಗಿಡಿ

ಇದನ್ನೂ ಒಂದು ಹಂತವೆಂದೇ ಬರೆಯುತ್ತಿದ್ದೇನೆ, ಏಕೆಂದರೆ ಮೊದಲ ರಾತ್ರಿಯ ಹಾನಿ ಹೆಚ್ಚಿನದ್ದು ಇಲ್ಲಿಂದಲೇ.

ಒಂದು ಸಲ ಒಬ್ಬ ತಾಯಿ ಆರೇಳು ವರ್ಷದ ಮಗನನ್ನು ಕರೆತಂದರು. ಹುಡುಗನ ಬೆನ್ನಿನ ಮೇಲೆ ನಾಲ್ಕು ಕಂದು ಪಟ್ಟೆ, ಎರಡರ ತುದಿಯಲ್ಲಿ ನೀರುಗುಳ್ಳೆ. ಯಾರೋ ಹೊಡೆದ ಗುರುತಿನಂತಿತ್ತು. ವಿಚಾರಿಸುತ್ತಾ ಹೋದಾಗ ತಿಳಿದದ್ದು ಇಷ್ಟು: ಎರಡು ದಿನದ ಹಿಂದೆ ಬೀಚಿನಲ್ಲಿ ಆ ತಾಯಿ ಎಲ್ಲರಿಗೂ ನಿಂಬೆ ಶರಬತ್ತು ಮಾಡಿದ್ದರು, ಅದೇ ಕೈಯಲ್ಲಿ ಮಗನ ಬೆನ್ನು ಹಿಡಿದು ನೀರಿಗಿಳಿಸಿದ್ದರು. ಪಟ್ಟೆಗಳು ಅವರದ್ದೇ ಬೆರಳಿನ ಗುರುತು. ಅಂಗೈ ತೆರೆದು ನೋಡಿಕೊಂಡು ಆಕೆ ಅತ್ತರು.

ನಿಂಬೆಯಲ್ಲಿ, ಮುಖ್ಯವಾಗಿ ಅದರ ಸಿಪ್ಪೆಯ ಎಣ್ಣೆಯಲ್ಲಿ ಸೊರಾಲೆನ್ ಎಂಬ ವಸ್ತುಗಳಿವೆ. ಚರ್ಮದ ಮೇಲೆ ಅವು ಇದ್ದಾಗ ಬಿಸಿಲಿನ ನೇರಳಾತೀತ ಎ ಕಿರಣ ಬಿದ್ದರೆ ಒಂದೆರಡು ದಿನ ಬಿಟ್ಟು ಸುಟ್ಟ ಗಾಯದಂತೆ ಗುಳ್ಳೆ ಏಳುತ್ತದೆ; ಆಮೇಲೆ ಉಳಿಯುವ ಕಪ್ಪು ವಾರಗಟ್ಟಲೆ, ತಿಂಗಳುಗಟ್ಟಲೆ ಹೋಗುವುದಿಲ್ಲ. 'ಟ್ಯಾನ್‌ಗೆ ನಿಂಬೆ' ಎಂಬ ಸಲಹೆ ಪಾಲಿಸಿ, ಮರುದಿನ ಬಿಸಿಲಿಗೆ ಹೋಗುವವರು ಮಾಡಿಕೊಳ್ಳುವುದು ಇದನ್ನೇ.

ಕಡಲೆಹಿಟ್ಟು, ಸಕ್ಕರೆ, ಕಾಫಿಪುಡಿಯ ತಿಕ್ಕಾಟ ಸುಟ್ಟ ಪದರವನ್ನು ಕೀಳುತ್ತದೆ. ಟೂತ್‌ಪೇಸ್ಟಿನ ತಂಪು ಮೆಂಥಾಲಿನದ್ದು, ಅದೇ ಆಮೇಲೆ ಉರಿ. ಅಡುಗೆ ಸೋಡಾ, ವಿನೆಗರ್ ಬೇಡ. ತಣ್ಣನೆಯ ಮೊಸರು ಗುಳ್ಳೆಯಿಲ್ಲದ ಚರ್ಮಕ್ಕೆ ಹಿತವೆನಿಸಬಹುದು, ಆದರೆ ನೀರಿನ ಬಟ್ಟೆ ಮಾಡದ ಕೆಲಸವನ್ನೇನೂ ಅದು ಮಾಡುವುದಿಲ್ಲ.

ಇನ್ನು ಸ್ಟೀರಾಯ್ಡ್, ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಮೂರೂ ಬೆರೆತ ಟ್ಯೂಬುಗಳು. ಹೆಸರು ಹೇಳಿ, ಚೀಟಿಯಿಲ್ಲದೆ ಕೇಳುತ್ತಾರೆ. ನಾನು ಕೊಡುವುದಿಲ್ಲ. ಬೆಳ್ಳಗಾಗುವ ಕ್ರೀಮ್ ಎಂದು ತಿಂಗಳುಗಟ್ಟಲೆ ಹಚ್ಚಿ, ಚರ್ಮ ತೆಳುವಾಗಿ ರಕ್ತನಾಳ ಕಾಣುವಂತಾದ ಮುಖಗಳನ್ನು ನೋಡಿದ್ದೇನೆ. ಚರ್ಮವೈದ್ಯರು ಬರೆದುಕೊಡದೆ ಅವನ್ನು ಮುಟ್ಟಬೇಡಿ.

## ಹಂತ 6: ಮೊದಲ ರಾತ್ರಿ

ಸಡಿಲವಾದ, ಹೊಲಿಗೆ ಒತ್ತದ ಹತ್ತಿ ಬಟ್ಟೆ. ಬೆನ್ನು ಸುಟ್ಟಿದ್ದರೆ ಅಂಗಿಯನ್ನು ಒಳಮೇಲು ಮಾಡಿ ಹಾಕಿಕೊಳ್ಳಿ, ಹೊಲಿಗೆಯ ಅಂಚು ಹೊರಗೆ ಹೋಗುತ್ತದೆ. ಕಾಲು ಊದಿದ್ದರೆ ದಿಂಬಿನ ಮೇಲಿಡಿ. ಸಾಧ್ಯವಾದರೆ ರಾತ್ರಿ ಬಸ್ಸನ್ನು ಒಂದು ದಿನ ಮುಂದೂಡಿ. ಆಗದಿದ್ದರೆ ಹೊರಡುವ ಮುಂಚೆ ಒದ್ದೆ ಬಟ್ಟೆ, ಮಾಯಿಶ್ಚರೈಸರ್ ಎರಡೂ ಮುಗಿಸಿ, ಬೆನ್ನಿಗೂ ರೆಕ್ಸಿನ್ ಸೀಟಿಗೂ ನಡುವೆ ಹತ್ತಿ ಬಟ್ಟೆ ಹಾಸಿಕೊಳ್ಳಿ.

## ಹಂತ 7: ಗುಳ್ಳೆ ಎದ್ದರೆ

ಒಡೆಯಬೇಡಿ. ಸೂಜಿಯನ್ನು ಬೆಂಕಿಗೆ ಹಿಡಿದು ಚುಚ್ಚುವುದೂ ಒಡೆಯುವುದೇ. ಗುಳ್ಳೆಯ ಮೇಲಿನ ತೆಳು ಪರೆ ಮೈ ತಾನೇ ಹಾಕಿಕೊಂಡ ಬ್ಯಾಂಡೇಜ್. ತಾನಾಗಿ ಒಡೆದರೆ ನೀರು, ಸೌಮ್ಯ ಸೋಪಿನಿಂದ ಮೆಲ್ಲಗೆ ತೊಳೆದು, ಪರೆ ಕತ್ತರಿಸದೆ, ಪೆಟ್ರೋಲಿಯಂ ಜೆಲ್ಲಿ ಹಚ್ಚಿ, ಅಂಟಿಕೊಳ್ಳದ ಡ್ರೆಸ್ಸಿಂಗ್ ಮುಚ್ಚಿ. ದಿನಕ್ಕೊಮ್ಮೆ ಬದಲಿಸಿ. ಹತ್ತಿಯನ್ನು ನೇರವಾಗಿ ಇಡಬೇಡಿ, ಎಳೆ ಅಂಟಿಕೊಳ್ಳುತ್ತದೆ. ಅರಿಶಿನ ಪುಡಿ ತುಂಬಬೇಡಿ.

ಗುಳ್ಳೆಯ ಸುತ್ತಲಿನ ಊತದ ಗಡಿಯನ್ನು ಬಾಲ್‌ಪೆನ್ನಿನಿಂದ ಮೆಲ್ಲಗೆ ಗುರುತು ಮಾಡಿಟ್ಟುಕೊಳ್ಳಿ. ಕಂದು ಚರ್ಮದಲ್ಲಿ ಸೋಂಕಿನ ಕೆಂಪು ತಡವಾಗಿ ಕಾಣುತ್ತದೆ. ಮರುದಿನ ಊತ, ಬಿಸಿ ಆ ಗೆರೆ ದಾಟಿದ್ದರೆ ಅಷ್ಟೇ ಸಾಕ್ಷಿ ಸಾಕು.

ಕಾಯದೆ ವೈದ್ಯರ ಬಳಿ ಹೋಗಬೇಕಾದದ್ದು: ಮುಖ, ಅಂಗೈ, ಜನನಾಂಗದ ಮೇಲೆ ಗುಳ್ಳೆ, ಬೆನ್ನಿನಂಥ ದೊಡ್ಡ ಜಾಗ ತುಂಬ ಗುಳ್ಳೆ, 39 ಡಿಗ್ರಿ ದಾಟಿದ ಜ್ವರ, ಚಳಿ, ವಾಂತಿ, ಕೀವು, ದುರ್ವಾಸನೆ, ಎರಡು ದಿನವಾದರೂ ಇಳಿಯದ ನೋವು. ಒಂದು ವರ್ಷದೊಳಗಿನ ಮಗುವಿಗೆ ಸುಟ್ಟಿದ್ದರೆ ಎಷ್ಟೇ ಕಡಿಮೆ ಕಂಡರೂ ತೋರಿಸಿ. ಕಣ್ಣಿನಲ್ಲಿ ಮರಳು ಬಿದ್ದಂತಾಗಿ, ಬೆಳಕು ನೋಡಲಾಗದೆ ನೀರು ಸುರಿಯುತ್ತಿದ್ದರೆ ಕಣ್ಣಿನ ಕಪ್ಪುಭಾಗದ ಮೇಲ್ಪದರವೇ ಸುಟ್ಟಿರಬಹುದು. ಉಜ್ಜದೆ, ಕಾಂಟ್ಯಾಕ್ಟ್ ಲೆನ್ಸ್ ತೆಗೆದು ಕಣ್ಣಿನ ವೈದ್ಯರಲ್ಲಿಗೆ ಹೋಗಿ.

## ಹಂತ 8: ಸಿಪ್ಪೆ ಏಳುವ ವಾರ

ನಾಲ್ಕನೇ ದಿನದ ಹೊತ್ತಿಗೆ ಹೆಗಲು, ಮೂಗಿನ ಮೇಲೆ ಸಿಪ್ಪೆ ಏಳುತ್ತದೆ. ಎಳೆಯಬೇಕೆನಿಸುತ್ತದೆ, ಎಳೆಯಬೇಡಿ. ತಾನಾಗಿ ಬೀಳುವ ತುದಿಯ ಹಿಂದೆಯೇ ಇನ್ನೂ ಗಟ್ಟಿಯಾಗಿ ಅಂಟಿದ ಭಾಗವಿರುತ್ತದೆ. ಎಳೆದಾಗ ಅದೂ ಬಂದು ಎಳೆ ಚರ್ಮ ಗಾಳಿಗೆ ಬೀಳುತ್ತದೆ. ತೀರಾ ನೇತಾಡುವ ತುಂಡನ್ನು ಸಣ್ಣ ಕತ್ತರಿಯಿಂದ ಕತ್ತರಿಸಿ. ದಿನಕ್ಕೆ ಮೂರು ನಾಲ್ಕು ಸಲ ಮಾಯಿಶ್ಚರೈಸರ್. ತುಟಿಗೆ ಪೆಟ್ರೋಲಿಯಂ ಜೆಲ್ಲಿ.

## ಹಂತ 9: ಕಪ್ಪು ಹೋಗಲು

ಈಗ ಭಾನುವಾರ ಸಂಜೆಯ ಪ್ರಶ್ನೆಗೆ ಬರೋಣ. ಚರ್ಮದ ಮೇಲ್ಪದರ ಪೂರ್ತಿ ಹೊಸದಾಗಲು ಸುಮಾರು ನಾಲ್ಕು ವಾರ ಬೇಕು. ಅದಕ್ಕೂ ಮೊದಲು ಫೇಶಿಯಲ್, ಬ್ಲೀಚ್, ವ್ಯಾಕ್ಸಿಂಗ್, ರೆಟಿನಾಲ್, ಗ್ಲೈಕಾಲಿಕ್ ಆಸಿಡ್ ಯಾವುದೂ ಬೇಡ. ನಮ್ಮ ಬಣ್ಣದ ಚರ್ಮ ಪ್ರತಿ ಕೆರಳಿಕೆಗೂ ಮೆಲನಿನ್, ಅಂದರೆ ಚರ್ಮಕ್ಕೆ ಕಪ್ಪು ಕೊಡುವ ಬಣ್ಣವನ್ನು ಸುರಿಸಿಯೇ ಉತ್ತರ ಕೊಡುತ್ತದೆ. ಬೆಳ್ಳಗಾಗಲೆಂದು ತಿಕ್ಕಿದಷ್ಟೂ ಕಪ್ಪು ಗಟ್ಟಿಯಾಗುತ್ತದೆ. ಮದುವೆ ಮುಂದಿದೆ ಎಂದು ಮೂರನೇ ದಿನವೇ ಪಾರ್ಲರಿಗೆ ಹೋಗುವವರಿಗೆ ಕೈ ಮುಗಿದು ಹೇಳುತ್ತೇನೆ, ಆ ದುಡ್ಡಿಗೆ ಸನ್‌ಸ್ಕ್ರೀನ್ ಕೊಳ್ಳಿ. ಮತ್ತೆ ಬಿಸಿಲು ಬೀಳದಂತೆ ನೋಡಿಕೊಂಡರೆ ಕಪ್ಪು ವಾರ ವಾರಕ್ಕೂ ತಾನೇ ಇಳಿಯುತ್ತದೆ. ನಾಲ್ಕು ವಾರದ ಮೇಲೂ ಮಚ್ಚೆ ಮಚ್ಚೆಯಾಗಿ ಉಳಿದದ್ದಕ್ಕೆ ನಯಾಸಿನಮೈಡ್ ಅಥವಾ ಅಜೆಲಾಯಿಕ್ ಆಸಿಡ್ ಇರುವ, ಕಲೆ ತಿಳಿಯಾಗಿಸುವ ಕ್ರೀಮ್‌ನಿಂದ ಶುರು ಮಾಡಬಹುದು. ಮೂರು ತಿಂಗಳಾದರೂ ಹೋಗದಿದ್ದರೆ ಚರ್ಮವೈದ್ಯರಿಗೆ ತೋರಿಸಿ.

## ಹಂತ 10: ಮತ್ತೆ ಬಿಸಿಲಿಗೆ ಹೋಗುವ ದಿನ

ಸಿಪ್ಪೆ ಪೂರ್ತಿ ನಿಲ್ಲುವ ತನಕ ಆ ಜಾಗಕ್ಕೆ ಬಟ್ಟೆಯೇ ಕಾವಲು. ಹಸಿ ಚರ್ಮದ ಮೇಲೆ ಸನ್‌ಸ್ಕ್ರೀನ್ ಉರಿಯುತ್ತದೆ. ಆಮೇಲೆ ಎಸ್‌ಪಿಎಫ್ (ಸನ್‌ಸ್ಕ್ರೀನ್ ಎಷ್ಟು ಕಾಯುತ್ತದೆ ಎಂದು ಹೇಳುವ ಅಂಕಿ) 30 ಅಥವಾ ಅದಕ್ಕಿಂತ ಹೆಚ್ಚಿನ ಸನ್‌ಸ್ಕ್ರೀನ್, ನೇರಳಾತೀತ ಎ ಕಿರಣವನ್ನೂ ತಡೆಯುವಂಥದ್ದು. ಮುಖ, ಕುತ್ತಿಗೆಗೆ ಎರಡು ಬೆರಳುದ್ದ. ಹೊರಡುವ 15 ನಿಮಿಷ ಮೊದಲು ಹಚ್ಚಿ, ಎರಡು ಗಂಟೆಗೊಮ್ಮೆ ಮತ್ತು ನೀರಿನಿಂದ ಎದ್ದ ಕೂಡಲೇ ಪುನಃ ಹಚ್ಚಿ.

ನೀರಿನಲ್ಲಿದ್ದರೆ ಸುಡುವುದಿಲ್ಲ ಎಂದುಕೊಳ್ಳಬೇಡಿ. ಅರ್ಧ ಮೀಟರ್ ಆಳದಲ್ಲೂ ಮೇಲಿನ ನೇರಳಾತೀತ ಕಿರಣದ ಸುಮಾರು 40 ಶೇಕಡ ಇರುತ್ತದೆ, ಒಣ ಮರಳು ಸುಮಾರು 15 ಶೇಕಡವನ್ನು ಮೇಲಕ್ಕೇ ಹಿಂತಿರುಗಿಸುತ್ತದೆ. ಛತ್ರಿಯ ಕೆಳಗೆ ಕೂತವರ ಗದ್ದದ ಕೆಳಭಾಗ ಸುಡುವುದು ಹೀಗೆ. ತೆಳು ಮೋಡವೂ ಹೆಚ್ಚಿನ ಕಿರಣವನ್ನು ಬಿಟ್ಟುಕೊಡುತ್ತದೆ. ಗಡಿಯಾರ ನೋಡುವುದಕ್ಕಿಂತ ನೆರಳು ನೋಡಿ: ನಿಮ್ಮ ನೆರಳು ನಿಮಗಿಂತ ಗಿಡ್ಡವಿದ್ದರೆ ನೀರಿಗಿಳಿಯುವ ಹೊತ್ತಲ್ಲ.

ಕೊಳ್ಳುವಾಗ ಅಳತೆ ಲೆಕ್ಕ ಹಾಕಿ. ಈಜುಡುಗೆಯಲ್ಲಿರುವ ಒಬ್ಬರ ಇಡೀ ಮೈಗೆ ಒಂದು ಸಲಕ್ಕೆ ಸುಮಾರು 30 ಮಿಲಿಲೀಟರ್ ಬೇಕು. ನಾಲ್ಕು ಜನ ಸೇರಿ 50 ಮಿಲಿಲೀಟರಿನ ಒಂದು ಟ್ಯೂಬು ಕೊಂಡು, ಎರಡು ದಿನವಾದ ಮೇಲೆ ಅರ್ಧ ಉಳಿದಿದೆ ಎಂದು ತೋರಿಸುತ್ತಾರೆ. ಅಷ್ಟು ಕೊಳ್ಳಲು ಆಗದಿದ್ದರೆ ತುಂಬುತೋಳಿನ ಗಾಢ ಬಣ್ಣದ ಅಂಗಿ, ಮೊಣಕಾಲು ದಾಟುವ ಚಡ್ಡಿ, ಕಿವಿ ಮುಚ್ಚುವ ಅಗಲ ಅಂಚಿನ ಟೋಪಿ ಹಾಕಿಕೊಂಡು ಸಮುದ್ರಕ್ಕಿಳಿಯಿರಿ, ಟ್ಯೂಬನ್ನು ಮುಖ, ಕುತ್ತಿಗೆ, ಮುಂಗೈ, ಪಾದದ ಮೇಲ್ಭಾಗಕ್ಕೆ ಉಳಿಸಿಕೊಳ್ಳಿ. ಪಾದವನ್ನು ಎಲ್ಲರೂ ಮರೆಯುತ್ತಾರೆ; ಸೋಮವಾರ ಚಪ್ಪಲಿ ಪಟ್ಟಿ ತಾಗಿದಾಗ ನೆನಪಾಗುತ್ತದೆ.